ಹುಡುಗಿ ಮನಿಗೆ ಬಂದ್ಲೇನು?

ನಮ್ಮ ಬ್ಯಾಡಗಿ ಅತ್ತೆಯ ಕೈಗೆ ವಿದೇಶಾಂಗ ಖಾತೆ ಕೊಟ್ಟರೆ ವಾರದೊಳಗೆ ಯುದ್ಧ ಖಚಿತ! ಕಾರಣ, ಒಂದು ಟಿವಿ ಹಾಸ್ಯ ಧಾರಾವಾಹಿ.

ಅದರಲ್ಲಿ ನಮ್ಮ ದೇಶದ ಒಂದು ಮನೆಯವರು, ಪರದೇಶದ ಒಂದು ಮನೆಯವರು ತಮ್ಮ ಹದಿನಾರರ ಹೆಣ್ಣುಮಕ್ಕಳನ್ನು ವರ್ಷದ ಮಟ್ಟಿಗೆ ಅದಲು ಬದಲು ಮಾಡಿಕೊಳ್ಳುತ್ತಾರೆ. ನಗಲೆಂದೇ ಮಾಡಿದ್ದು. ಅತ್ತೆ ಮಾತ್ರ ನಗಲಿಲ್ಲ. ಅಂಗಳದಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸರನ್ನೂ ಟಿವಿ ಮುಂದೆ ಕೂಡ್ರಿಸಿಕೊಂಡು ಆ ಪರದೇಶದ ತಾಯಿಗೆ ಛೀಮಾರಿ ಹಾಕುತ್ತಿದ್ದಳು.

"ನೋಡ್ರವ್ವಾ, ಕೂಸಿಗೆ ಮುಂಜಾನೆದ್ದು ತಣ್ಣನ ಹಾಲು ಕೊಡ್ತಾಳ! ಒಂದು ಬಿಸಿ ರೊಟ್ಟಿ ಬಡದು ಕೊಟ್ರ ಆಕಿ ಕೈ ಸವೀತಿತ್ತೇನು?"

ಅಷ್ಟಕ್ಕೇ ಬಿಟ್ಟಳೇ? ಅಲ್ಲಿಗೆ ಹೋದ ನಮ್ಮ ಹುಡುಗಿಗೆ ಕಳಿಸಲು ಶೇಂಗಾ ಚಟ್ನಿಪುಡಿ ಕುಟ್ಟಿ, ವಿಳಾಸ ಬರೆದುಕೊಡೆಂದು ನನ್ನ ಬೆನ್ನು ಹತ್ತಿದಳು.

"ಅತ್ತಿ, ಅದು ನಾಟಕ. ಆ ಹುಡುಗಿ ತನ್ನ ಮನ್ಯಾಗ ಆರಾಮ ಅದಾಳ."

"ನಾಟಕದಾಗಿನ ಹುಡುಗಿಗೆ ಹಸಿವು ಆಗೂದಿಲ್ಲೇನು?"

ಪುಡಿಯನ್ನು ನಾನೇ ಉಂಡು ಮುಗಿಸಿದೆ.

ಎಂಟನೇ ವಾರಕ್ಕೆ ಧಾರಾವಾಹಿ ನಿಂತುಹೋಯಿತು. ನೋಡುವವರೇ ಇಲ್ಲವಂತೆ! ಹುಡುಗಿಯರಿಬ್ಬರೂ ಹೋದ ಮನೆಗಳಲ್ಲೇ ಉಳಿದರು. ಅದೇ ಹೊತ್ತಿಗೆ ಅಡುಗೆ ಕಾರ್ಯಕ್ರಮ ಬಂತು. ಅತ್ತೆ ಟಿವಿಯೊಳಗಿನ ಅಡುಗೆಯವನ ಮೇಲೆ ಗುಡುಗಿದಳು: "ಮೊದಲ ಆ ಹುಡುಗೀನ ಮನಿಗೆ ಕಳಸ್ರಿ, ಆಮ್ಯಾಲ ಬದನಿಕಾಯಿ ಹೆಚ್ಚೀರಂತ!"

ಆಮೇಲೆ ದಿನಾ ರಾಣೆಬೆನ್ನೂರಿನ ನಮ್ಮ ಮನೆಗೆ, ನನಗೆ ಫೋನು. "ಹುಡುಗಿ ಮನಿಗೆ ಬಂದ್ಲೇನು?"

ಸಾಕಾಗಿ ಒಂದು ದಿನ ಸುಳ್ಳು ಹೇಳಿದೆ. "ಬಂದ್ಲತ್ತಿ. ನಿನ್ನೆ ಕಡೀ ಭಾಗ ತೋರಿಸಿದ್ರು. ಅವರಪ್ಪ ಹೋಗಿ ಕರ್ಕೊಂಡು ಬಂದ."

ಅತ್ತೆ ದನಿ ತಗ್ಗಿಸಿ ಕೇಳಿದಳು, "ಆಕಿ ಮಲಗೂ ಜಾಗ ಆಕಿಗೇ ಸಿಕ್ತೋ ಇಲ್ಲೋ? ಕಿಡಕಿ ಮಗ್ಗಲದ್ದು?"

ಅವಳು ಕೇಳುತ್ತಿದ್ದುದು ಯಾರ ಜಾಗವೆಂದು ಆಗ ಹೊಳೆಯಿತು. ಹದಿನಾರರ ಅತ್ತೆಯನ್ನು ನಮ್ಮಜ್ಜ ಬ್ಯಾಡಗಿಯ ಮನೆಯೊಂದಕ್ಕೆ ಕೊಟ್ಟು, ಅದೇ ಮದುವೆ ಹಂದರದಲ್ಲಿ ಆ ಮನೆಯ ಹುಡುಗಿಯನ್ನು ನಮ್ಮಪ್ಪನಿಗೆ ತಂದುಕೊಂಡಿದ್ದ. ಆ ಹುಡುಗಿಯೇ ನಮ್ಮವ್ವ. ಅತ್ತೆ ಮಲಗುತ್ತಿದ್ದ ಕಿಟಕಿ ಪಕ್ಕದ ಜಾಗ ಅವ್ವನದಾಯಿತು. ನನ್ನ ತೊಟ್ಟಿಲನ್ನೂ ಅಲ್ಲೇ ಕಟ್ಟಿದರು. ಹಬ್ಬಕ್ಕೆ ಬಂದರೂ ಅತ್ತೆ ಪಡಸಾಲೆಯಲ್ಲಿ ಮಲಗಿ ಬೆಳಿಗ್ಗೆಯೇ ಹೊರಟುಬಿಡುತ್ತಿದ್ದಳು. ಇಷ್ಟು ವರ್ಷ ನಾವ್ಯಾರೂ ಅವಳನ್ನು ಏನೂ ಕೇಳಿರಲಿಲ್ಲ. ನನಗೆ ನಾಚಿಕೆಯಾಯಿತು.

ಪಕ್ಕದಲ್ಲೇ ಕುಳಿತು ಎಲ್ಲ ಕೇಳಿಸಿಕೊಂಡಿದ್ದ ಅವ್ವ ಫೋನು ಕಸಿದುಕೊಂಡು ಅತ್ತಿಗೆಗೆ ಹೇಳಿದಳು. "ವೈನಿ, ನಿಮ್ಮ ಹಾಸಿಗಿ ಬಿಸಲಿಗೆ ಹಾಕಾಕತ್ತೇನಿ. ಕಿಡಕಿ ಮಗ್ಗಲಕ್ಕೇ ಹಾಸ್ತೇನಿ. ಇವನ್ನ ಕಳಸ್ತೇನಿ, ಬರ್ರಿ."

ಕೂಡಲೇ ಹೊರಟೆ. ಬ್ಯಾಡಗಿತನಕ ಹೋಗಬೇಕಾಗಿಯೇ ಬರಲಿಲ್ಲ. ದಾರಿಯಲ್ಲಿ ಸಿಗುವ ಮೋಟೆಬೆನ್ನೂರಿನ ಬಸ್ ನಿಲ್ದಾಣದಲ್ಲೇ ಅತ್ತೆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ನನ್ನನ್ನು ಕಂಡೊಡನೆ ಎದ್ದು ನಿಂತಳು.

"ಎಷ್ಟ ತಡಾ ಮಾಡಿ ಬಂದ್ಯೋ ತಮ್ಮಾ!" ಎಂದಳು.