ದರ್ಜಿಯ ಸೊಂಟದ ಗೆರೆಗಳು

ದರ್ಜಿ: ಸೀಮೆಸುಣ್ಣ ಅಲ್ಲ ಅಂದ್ಮೇಲೆ ಇನ್ನೇನು ಡಾಕ್ಟ್ರೇ? ಮೂರು ದಿನ ಬ್ರಷ್ ಹಾಕಿ ಉಜ್ಜಿದೀನಿ. ಚರ್ಮ ಹೋಗ್ತಿದೆ, ಗೆರೆ ಹೋಗ್ತಿಲ್ಲ!

ದರ್ಜಿ ಅಂಗಿ ಎತ್ತಿ ಹಿಡಿದು ನಿಂತಿದ್ದ. ಸೊಂಟದ ಎರಡೂ ಬದಿಗೆ ಕೆಂಪು ಗೆರೆಗಳು, ಯಾರೋ ಕತ್ತರಿಸಲು ಗುರುತು ಹಾಕಿಟ್ಟ ಹಾಗೆ. ಗೋಡೆಬದಿಯ ಕುರ್ಚಿಯಲ್ಲಿ ಕೂತ ಅವನ ಹೆಂಡತಿ ಕೈಚೀಲದ ಹಿಡಿಯನ್ನು ಹಿಂಡುತ್ತಾ ಒಳಗೊಳಗೇ ದೇವರನ್ನು ನೆನೆಯುತ್ತಿದ್ದಳು.

ಡಾಕ್ಟರಮ್ಮ: ಇದು ಕಾಯಿಲೆಯೇ ಅಲ್ಲ ಯಜಮಾನ್ರೇ. ಮೈ ಬೇಗ ಬೇಗ ಹಿಗ್ಗಿದಾಗ ಚರ್ಮದ ಒಳಪದರ ಅಲ್ಲಲ್ಲಿ ಬಿಟ್ಕೊಳ್ಳುತ್ತೆ. ಅದರ ಗೆರೆ. ಬಸುರಿಯರಿಗೆ ಬರುತ್ತೆ, ಸರ್ರನೆ ಉದ್ದ ಆಗೋ ಮಕ್ಕಳಿಗೂ ಬರುತ್ತೆ.

ದರ್ಜಿ: ನಾನು ಬಸುರಿ ಅಲ್ಲ.

ಡಾಕ್ಟರಮ್ಮ: ಗೊತ್ತು.

ದರ್ಜಿ: ಉದ್ದ ಆಗೋ ವಯಸ್ಸೂ ಅಲ್ಲ.

ಡಾಕ್ಟರಮ್ಮ: ಹಾಗಾದ್ರೆ ದಪ್ಪ ಆಗಿದ್ದೀರ.

ದರ್ಜಿ: ನಾನಾ! ಈ ಪ್ಯಾಂಟು ನೋಡಿ. ಮದುವೆಗೆ ಹೊಲ್ಕೊಂಡಿದ್ದು. ಸೊಂಟ ಮೂವತ್ತೆರಡು. ಹದಿನೈದು ವರ್ಷ ಆಯ್ತು, ಇವತ್ತಿಗೂ ಗುಂಡಿ ಸಲೀಸಾಗಿ ಬೀಳುತ್ತೆ. ಸುಳ್ಳಾದ್ರೆ ಇವಳನ್ನೇ ಕೇಳಿ.

ಆ ಪ್ಯಾಂಟಿನ ಹಿಂದಿನ ಹೊಲಿಗೆಯನ್ನು ವರ್ಷಕ್ಕೊಮ್ಮೆ ಬಿಚ್ಚಿ ಅಗಲ ಮಾಡುತ್ತಿದ್ದವಳು ಹೆಂಡತಿಯೇ. ಹಿಂದೊಮ್ಮೆ ಗುಂಡಿ ಹತ್ತದಿದ್ದಾಗ ಗಂಡ ಎರಡು ದಿನ ಊಟ ಬಿಟ್ಟು ಗಿರಾಕಿಗಳ ಮೇಲೆಲ್ಲ ಹರಿಹಾಯ್ದಿದ್ದ. ಮನೆಯ ನೆಮ್ಮದಿಗೆಂದು ಶುರು ಮಾಡಿದ್ದು, ಒಳಗೆ ಮಡಚಿಟ್ಟಿದ್ದ ಬಟ್ಟೆಯೆಲ್ಲ ಮುಗಿದು ಈಚೆಗೆ ತೇಪೆಗೆ ಬಂದಿತ್ತು. ಆ ತೇಪೆ ಯಾವ ಬಟ್ಟೆಯದೆಂದು ಅವಳಿಗೂ ದೇವರಿಗೂ ಮಾತ್ರ ಗೊತ್ತು.

ಹೆಂಡತಿ: ಗಾಳಿ... ಗಾಳಿ ತುಂಬಿರ್ಬಹುದು ಡಾಕ್ಟ್ರೇ.

ಡಾಕ್ಟರಮ್ಮ: ಇವರೇನು ಸೈಕಲ್ ಚಕ್ರಾನಾ? ಯಜಮಾನ್ರೇ, ತೂಕದ ಮಿಷನ್ ಹತ್ತಿ.

ಹತ್ತಿದ. ಮುಳ್ಳು ತೊಂಬತ್ತಾರರ ತನಕ ಓಡಿ, ನಡುಗುತ್ತಾ ನಿಂತಿತು.

ದರ್ಜಿ: ಮಿಷನ್ ಕೆಟ್ಟಿದೆ.

ಡಾಕ್ಟರಮ್ಮ: ನಿನ್ನೆ ತಾನೆ ಸರಿ ನೋಡ್ಸಿದೀನಿ. ನಂಬಿಕೆ ಇಲ್ಲದಿದ್ರೆ ನಿಮ್ಮ ಟೇಪ್‌ನಲ್ಲೇ ಅಳೆದು ನೋಡ್ಕೊಳ್ಳಿ.

ದರ್ಜಿ: ದರ್ಜಿ ತನ್ನ ಅಳತೆ ತಾನು ತಗೊಂಡ್ರೆ ಕೈಗುಣ ಕೆಡುತ್ತೆ ಅಂತ ನಮ್ಮಪ್ಪ ಹೇಳಿದಾರೆ. ಇರ್ಲಿ ಬಿಡಿ, ನನಗೆ ಅರ್ಥ ಆಯ್ತು. ಪ್ಯಾಂಟು ಸರಿ ಇದೆ, ಚರ್ಮ ಹರೀತಿದೆ. ಒಳಗೇನೋ ದೊಡ್ಡದೇ ಸೇರ್ಕೊಂಡಿದೆ. ಲೇ, ನನ್ನ ದೊಡ್ಡ ಕತ್ತರಿ ನಿನ್ನ ತಮ್ಮನಿಗೆ ಕೊಟ್ಬಿಡು. ಆದ್ರೆ ಅದರಲ್ಲಿ ಕಾಗದ ಕತ್ತರಿಸಲ್ಲ ಅಂತ ಆಣೆ ಹಾಕಿಸ್ಕೋ.

ಅವನ ಕಣ್ಣು ನಿಜಕ್ಕೂ ತುಂಬಿ ಬಂತು. ಹೆಂಡತಿಗೆ ತಡೆಯಲಾಗಲಿಲ್ಲ.

ಹೆಂಡತಿ: ರೀ, ಹಿಂದೆ ತಿರುಗಿ. ಡಾಕ್ಟ್ರೇ, ಆ ಬೆಲ್ಟ್ ಕೆಳಗೆ ನೋಡಿ.

ಡಾಕ್ಟರಮ್ಮ: ಇದೇನಮ್ಮ, ಹೂವು, ಬಳ್ಳಿ, ಗಿಳಿ!

ಹೆಂಡತಿ: ಕಿಟಕಿ ಪರದೆ. ಈ ಆರು ತಿಂಗಳಲ್ಲಿ ಒಂದೇ ಸಮ ಊದ್ಕೊಂಡ್ರು, ಮನೇಲಿ ಬೇರೆ ಬಟ್ಟೆ ಸಿಗ್ಲಿಲ್ಲ.

ದರ್ಜಿ: ಪರದೆ ಇಲಿ ಕಡೀತು ಅಂದಿದ್ದೆಯಲ್ಲೇ!

ಹೆಂಡತಿ: ಮತ್ತೆ ಆನೆ ಉಟ್ಕೊಂಡಿದೆ ಅನ್ನೋಕಾಗುತ್ತಾ?

ದರ್ಜಿ ಬೆನ್ನ ಹಿಂದೆ ಕೈಯಾಡಿಸಿ ಗಿಳಿಯನ್ನು ತಡವಿದ. ಸಿಟ್ಟು ಬಂತು, ಆದರೆ ಅದಕ್ಕಿಂತ ಮೊದಲು ಬೇರೊಂದು ಮಾತು ಬಾಯಿಗೆ ಬಂತು.

ದರ್ಜಿ: ಹಾಗಾದ್ರೆ ನಾನು ಸಾಯಲ್ವಾ?

ಡಾಕ್ಟರಮ್ಮ: ಇದರಿಂದಂತೂ ಇಲ್ಲ. ಕೆಂಪು ನಿಧಾನಕ್ಕೆ ಬಿಳುಪಾಗಿ ಮಾಸುತ್ತೆ. ಹೊಸ ಗೆರೆ ಆದ್ರಿಂದ ಒಂದು ಮುಲಾಮು ಬರ್ಕೊಡ್ತೀನಿ, ಸ್ವಲ್ಪ ತಿಳಿಯಾಗಬಹುದು. ಪೂರ್ತಿ ಅಳಿಸಿ ಹಾಕೋ ಔಷಧಿ ಯಾವುದೂ ಇಲ್ಲ. ಹೊಲಿಗೆ ಬಿಚ್ಚಿದ ಕಡೆ ಸೂಜಿ ಗುರುತು ಉಳಿಯಲ್ವಾ, ಹಾಗೆ. ಊಟ ಒಂದು ಹಿಡಿತಕ್ಕೆ ಬರ್ಲಿ. ಆ ಬ್ರಷ್ ಬಚ್ಚಲಿಗೇ ಇರ್ಲಿ.

ಗುಟ್ಟಿನ ಭಾರ ಇಳಿಸಿದ ಹೆಂಡತಿಗೆ ಮೈ ಹಗುರವಾಗಿ, ಮಾತೂ ಸ್ವಲ್ಪ ಉದ್ದವಾಯಿತು.

ಹೆಂಡತಿ: ಅವಳಿ ಮಕ್ಕಳು ಹುಟ್ಟಿದಾಗ ಬಂದ ಗೆರೆ ನನಗೂ ಹಾಗೇ ಇದೆ ಡಾಕ್ಟ್ರೇ. ಆದ್ರೆ ದಪ್ಪ ಮಾತ್ರ ಆಗಿಲ್ಲ ನೋಡಿ. ಇವರ ಅಳತೆ ಪುಸ್ತಕದಲ್ಲಿ ಇವತ್ತಿಗೂ ನಾನು ಮೂವತ್ನಾಲ್ಕು!

ದರ್ಜಿ ಕೆಮ್ಮಿದ.

ದರ್ಜಿ: ಪುಸ್ತಕದಲ್ಲಿ ಮೂವತ್ನಾಲ್ಕೇ ಇದೆ.

ಹೆಂಡತಿ: ಹೂಂ, ಮತ್ತೆ!

ದರ್ಜಿ: ಬಟ್ಟೆ ಕತ್ತರಿಸೋವಾಗ ಎಂಟು ಸೇರಿಸ್ಕೋತೀನಿ. ಮನೆ ನೆಮ್ಮದಿಗೆ.

ಡಾಕ್ಟರಮ್ಮ ನಗು ನುಂಗಿ, ತೂಕದ ಮಿಷನ್ನನ್ನು ಕಾಲಿನಿಂದ ಮೆಲ್ಲಗೆ ಅವಳ ಕಡೆ ತಳ್ಳಿದರು.

ಡಾಕ್ಟರಮ್ಮ: ಬನ್ನಿ, ನೀವೂ ಒಂದ್ಸಲ ಹತ್ತಿ.

ಹೆಂಡತಿ ಎದ್ದು ಕೈಚೀಲವನ್ನು ಹೆಗಲಿಗೇರಿಸಿದಳು.

ಹೆಂಡತಿ: ಮಿಷನ್ ಕೆಟ್ಟಿದೆ ಅಂತ ನಮ್ಮೆಜಮಾನ್ರು ಆಗ್ಲೇ ಹೇಳಿದ್ರಲ್ಲ ಡಾಕ್ಟ್ರೇ. ಅವರ ಮಾತು ನಾನು ಯಾವತ್ತೂ ಮೀರಿದವಳಲ್ಲ.