ಭಾವನವರ ಬೋರ್‌ವೆಲ್ಲು, ಆಕಾಶದ ಹೆಲ್ಮೆಟ್ಟು

ಸಿಂಚನಾ, ಪ್ರೀತಮ್, ನಿಮ್ಮ ದೊಡ್ಡ ತಾತನನ್ನು ಪುಕ್ಕಲ ಎಂದು ಯಾರಾದರೂ ಅಂದರೆ ನಂಬಬೇಡಿ. ನನ್ನ ಭಾವ ಮಹಾ ಧೈರ್ಯವಂತರು. ಆ ಧೈರ್ಯಕ್ಕೆ ಒಂದು ಹೆಲ್ಮೆಟ್ಟು ಬೇಕಿತ್ತು, ಅಷ್ಟೇ! ಬೈಕಿಲ್ಲದ ಮನುಷ್ಯ, ಕಾಯಿ ಬಿದ್ದೀತೆಂದು ಹೆಲ್ಮೆಟ್ಟು ಹಾಕಿಕೊಂಡೇ ತೆಂಗಿನ ತೋಟ ಸುತ್ತುತ್ತಿದ್ದರು. ಒಮ್ಮೆ ಕೆ.ಆರ್. ಪೇಟೆ ಬಸ್ಸಿಗೂ ಹಾಗೇ ಹತ್ತಿದಾಗ ಕಂಡಕ್ಟರು ಬೈಕ್ ಎಲ್ಲಿ ಎಂದು ಕೇಳಿದನಂತೆ. "ಬೈಕ್ ಇಲ್ಲ ಕಣ್ಲಾ. ನಿನ್ ಡ್ರೈವರ್‌ನ ನೋಡ್ಬುಟ್ಟು ಆಕ್ಕಂಡೆ" ಅಂದರಂತೆ.

ಈಗ ನಮ್ಮ ಮನೆಗೆ ಟಿ.ವಿ. ನೋಡಲು ಬರುತ್ತಾರೆ. ಶತ್ರುವಿನ ಕ್ಷಿಪಣಿಯನ್ನು ಆಕಾಶದಲ್ಲೇ ಹೊಡೆದುರುಳಿಸುವ ಯಂತ್ರ ತೋರಿಸಿದರೆ ಅವರಿಗೆ ಹಬ್ಬ. ದೇಶಕ್ಕೇ ಹೆಲ್ಮೆಟ್ಟು ಬಂತಂತೆ, ಇನ್ನು ಅಣುಬಾಂಬಿಗೂ ಹೆದರಬೇಕಿಲ್ಲವಂತೆ! ಬಾಗಿಲ ಮರೆಯಲ್ಲಿ ನಿಂತು ಕೇಳುವ ನನಗೆ ಹೆದರಿಕೆ ಹೆಚ್ಚುತ್ತದೆ. ಯಾಕೆ ಅಂತೀರಾ? ಅಂಥದ್ದು ನಮ್ಮಲ್ಲೇ ಒಮ್ಮೆ ನಡೆದುಹೋಗಿದೆ.

ಅಣ್ಣತಮ್ಮ ಪಾಲಾದಾಗ ಮೇಲಿನ ಗದ್ದೆ ನಿಮ್ಮ ತಾತನಿಗೆ ಬಂತು, ಕೆಳಗಿನದು ಭಾವನಿಗೆ. ನಾಲೆ ನೀರು ನಮ್ಮ ಗದ್ದೆ ದಾಟಿಯೇ ಅವರಿಗೆ ಹೋಗಬೇಕು. ನಮ್ಮ ಕಬ್ಬಿನ ಗಾಡಿ ಅವರ ಗದ್ದೆ ದಾಟಿಯೇ ಪಾಂಡವಪುರದ ಸಕ್ಕರೆ ಕಾರ್ಖಾನೆಗೆ ಹೋಗಬೇಕು. ಇವರು ನೀರು ತಡೆದರೆ ಅವರು ದಾರಿ ಕಟ್ಟುತ್ತಾರೆ. ಜಗಳವೇನು ಕಡಿಮೆಯೇ? ಬೈಗುಳಕ್ಕೆ ಬದುವೇ ನಡುಗುತ್ತಿತ್ತು! ಆದರೆ ನೀರಿಗಾಗಲಿ ದಾರಿಗಾಗಲಿ ಯಾರೂ ಕೈ ಹಾಕಲಿಲ್ಲ. ಅಣುಬಾಂಬು ಇಟ್ಟುಕೊಂಡ ದೇಶಗಳೂ ಹೀಗೇ ಹಲ್ಲು ಕಡಿಯುತ್ತ ಸುಮ್ಮನಿರುವುದು.

ಒಂದು ಬೇಸಿಗೆ ಭಾವ ಬೋರ್‌ವೆಲ್ಲು ಕೊರೆಸಿದರು. ಯಾರ ಮೇಲಿನ ಹಗೆಯಿಂದಲೂ ಅಲ್ಲ, ನಾಲೆ ನೀರು ನಿಂತೀತೆಂಬ ಭಯಕ್ಕೆ ಅದೂ ಒಂದು ಹೆಲ್ಮೆಟ್ಟು. ನಿಮ್ಮ ತಾತ ಮಾತ್ರ ಅವತ್ತು ಅನ್ನ ಮುಟ್ಟಲಿಲ್ಲ. "ಅವ್ನಿಗಿನ್ನು ನನ್ ನೀರು ಬ್ಯಾಡ. ನಾಳೀಕೆ ದಾರಿಗೆ ಬೇಲಿ ಆಕ್ತಾನೆ ಕಣಮ್ಮಿ" ಎಂದರು. ಭಾವ ಮೋಟರು ಇಳಿಸುವ ಮೊದಲೇ ಇವರು ನಾಲೆ ನೀರು ತಡೆದರು. ಅವರ ಪೈರು ಒಣಗಿತು. ಅವರು ಬೇಲಿ ಹಾಕಿದರು. ನಮ್ಮ ಕಬ್ಬು ನಿಂತಲ್ಲೇ ಬೆಂಡಾಯಿತು. ಬೋರ್‌ವೆಲ್ಲೋ, ಮುಂದಿನ ಬೇಸಿಗೆಗೆ ಬರೀ ಗಾಳಿ ಉಗುಳಿತು!

ಟಿ.ವಿ.ಯವರು ಹೇಳದಿರುವುದು ಇದೇ. ನನ್ನ ಪೆಟ್ಟು ಇವನಿಗೆ ತಾಗದಿದ್ದರೆ ಇವನ ಕೈ ತಡೆಯುವವರು ಯಾರು ಎಂದು ಆಚೆಯವನು ಕೂತು ಯೋಚಿಸುತ್ತಾನೆ. ಇನ್ನಷ್ಟು ಕ್ಷಿಪಣಿ ಮಾಡಿಟ್ಟುಕೊಳ್ಳುತ್ತಾನೆ, ಇಲ್ಲವೇ ಯಂತ್ರ ಸಿದ್ಧವಾಗುವ ಮೊದಲೇ ಹೊಡೆಯುತ್ತಾನೆ.

ಅಣ್ಣತಮ್ಮ ಮತ್ತೆ ಮಾತಾಡಲಿಲ್ಲ. ನಿಮ್ಮ ತಾತ ಹಾಗೇ ಹೋದರು. ಆಮೇಲೆಯೇ ಭಾವ ನಮ್ಮ ಹೊಸ್ತಿಲು ತುಳಿದದ್ದು.

ಮೊನ್ನೆ ಮತ್ತೆ ಅದೇ ಯಂತ್ರ ಬಂತು. ಕಾಫಿ ಕೊಡುತ್ತ, ಎಂದೂ ಇಲ್ಲದೆ ಬಾಯಿ ಬಿಟ್ಟೆ. "ಆಚೆಯೋನು ಎದ್ರುಕಂಡು ಮೊದ್ಲೇ ಒಡದ್ಬುಟ್ರೆ, ಭಾವ?"

ಅವರು ಕಾಫಿ ಲೋಟ ಕೆಳಗಿಟ್ಟರು. "ನಾ ದಾರಿ ಕಟ್ಟಕಿಲ್ಲ ಅಂತ ಅವತ್ತೇ ಓಗಿ ಯೋಳ್ಬೇಕಾಗಿತ್ತು ಕಣವ್ವ. ನನ್ ತಮ್ಮ ಎದ್ರುಕಂಡವ್ನೆ ಅಂತ ನಂಗೆ ಗೊತ್ತಾಗ್ನಿಲ್ಲ" ಅಂದರು.

ಅವರೆದುರು ಎಂದೂ ಕೂರದ ನಾನು ಪಕ್ಕದಲ್ಲೇ ಕೂತೆ. ನಿಮ್ಮ ತಾತ ಕೂರಬೇಕಿದ್ದ ಜಾಗ ಅದು.

ಮಕ್ಕಳೇ, ಈ ಹಾಳೆಗಳನ್ನು ಜೋಪಾನವಾಗಿಡಿ. ನಿಮ್ಮಿಬ್ಬರ ನಡುವೆಯೂ ಎಂದಾದರೊಂದು ದಿನ ಒಂದು ಬದು ಬಂದೀತು.