ಹುಂಡಿಗೆ ಇಳಿದ ವಿಮಾನ

ನಾನು ಹಳೇಕೋಟೆಯಲ್ಲಿ ಮೇಷ್ಟ್ರಾಗಿದ್ದ ಕಾಲದ ಮಾತು. ಬೆಂಗಳೂರಿನಲ್ಲಿ ವಿಮಾನ ರಿಪೇರಿ ಕೆಲಸದಲ್ಲಿದ್ದ ನನ್ನ ಭಾವಮೈದ ಒಂದು ಬೆಳ್ಳಿ ನಾಣ್ಯ ತಂದುಕೊಟ್ಟ. ಮನುಷ್ಯ ವಿಮಾನ ಹಾರಿಸಿ ಐವತ್ತು ವರ್ಷವಾದ ನೆನಪಿಗೆ ಯಾವುದೋ ಹೊರದೇಶದವರು ಅಚ್ಚು ಹಾಕಿಸಿದ್ದಂತೆ. ಒಂದು ಕಡೆ ಮೇಲೊಂದು ಕೆಳಗೊಂದು ರೆಕ್ಕೆಯ ವಿಮಾನ, ಇನ್ನೊಂದು ಕಡೆ ಓದಲು ಬಾರದ ಬರಹ. ಇಡೀ ಹೊಳೆನರಸೀಪುರ ತಾಲ್ಲೂಕಿಗೆ ವಿಮಾನಶಾಸ್ತ್ರ ತಿಳಿಸುವ ಹೊಣೆ ನನ್ನದೇ ಎನಿಸಿಬಿಟ್ಟಿತು. ವಿಮಾನವನ್ನು ನಾನೂ ಹತ್ತಿರದಿಂದ ಕಂಡವನಲ್ಲ. ಸದ್ದು ಕೇಳಿದ್ದೆ.

"ನನ್ನ ತಮ್ಮ ಕೊಟ್ಟಿದ್ದು, ಪೆಟ್ಟಿಗೇಲೇ ಇರ್ಲಿ" ಎಂದಳು ಹೆಂಡತಿ ಸಾವಿತ್ರಿ.

"ವಿದ್ಯೆ ಮುಚ್ಚಿಡುವಂಥದ್ದಲ್ಲ" ಎಂದೆ.

ನಮ್ಮ ಸ್ಕೂಲಿಗೆ ಕಟ್ಟಡವಿರಲಿಲ್ಲ. ದೇವಸ್ಥಾನದ ಜಗಲಿಯೇ ಸ್ಕೂಲು. ಭಾನುವಾರ ಬೆಳಿಗ್ಗೆ ಅಲ್ಲೇ ಊರವರನ್ನು ಸೇರಿಸಿ, ನಾಣ್ಯವನ್ನು ಕೈಯಿಂದ ಕೈಗೆ ದಾಟಿಸಿ ಎಂದು ಕೊಟ್ಟು, ವಿಮಾನ ಯಾಕೆ ಬೀಳುವುದಿಲ್ಲ ಎಂದು ಒಂದು ಗಂಟೆ ವಿವರಿಸಿದೆ.

"ಮಂಚದ ಮ್ಯಾಲೆ ಮಂಚ ಯಾಕ್ ಮಡಗವ್ರೆ ಮೇಷ್ಟ್ರೇ?" ಎಂದರು ಪಟೇಲರು. ನನಗೂ ಗೊತ್ತಿರಲಿಲ್ಲ. ಮಾತನ್ನು ಗಾಳಿಯ ಕಡೆಗೆ ತಿರುಗಿಸಿದೆ.

ಉಪನ್ಯಾಸ ಮುಗಿಯಿತು. ನಾಣ್ಯ ವಾಪಸ್ ಬರಲಿಲ್ಲ. ಕೊನೆಯಲ್ಲಿ ಕೂತಿದ್ದ ನಿಂಗಜ್ಜಿಯನ್ನು ಕೇಳಿದೆ.

"ಉಂಡೀಗ್ ಹಾಕ್ಬುಟ್ಟೆ ಕಣಪ್ಪ. ರೆಕ್ಕೆ ಇತ್ತಲ್ಲ, ಗರುಡಪ್ಪನ ಕಾಸು ಅಂದ್ಕಂಡೆ."

ಹುಂಡಿಗೆ ಸರ್ಕಾರದ ಮೊಹರು. ತೆಗೆಯಬೇಕಾದರೆ ಅಮಲ್ದಾರರೇ ಬರಬೇಕು. ಸಾವಿತ್ರಿಯಂತೂ, "ಊಟಕ್ಕೆ ಬರೋವಾಗ ನಾಣ್ಯ ತನ್ನಿ" ಎಂದುಬಿಟ್ಟಳು.

ಅರ್ಜಿ ಬರೆಯಲು ಕೂತೆ. ಹುಂಡಿ, ನಾಣ್ಯ ಎಂದೆಲ್ಲ ಬರೆದರೆ ದೇವರ ದುಡ್ಡಿಗೆ ಕೈ ಹಾಕಿದಂತೆ ಕಂಡೀತೆಂದು ಆ ಎರಡು ಪದಗಳನ್ನು ಜಾಣತನದಿಂದ ಬಿಟ್ಟೆ. "ವಿಮಾನವೊಂದು ಅಚಾತುರ್ಯದಿಂದ ಸದರಿ ದೇವಸ್ಥಾನದೊಳಗೆ ಬಿದ್ದಿದ್ದು, ತಾವು ಖುದ್ದಾಗಿ ದಯಮಾಡಿಸಿ ಹೊರತೆಗೆಸಿಕೊಡಬೇಕಾಗಿ ಬಿನ್ನಹ."

ಅಮಲ್ದಾರರು ಮರುದಿನವೇ ದಯಮಾಡಿಸಿದರು. ಜೊತೆಗೆ ಇಬ್ಬರು ಪೊಲೀಸರು, ಹಗ್ಗ ಹಿಡಿದ ಹತ್ತು ಆಳುಗಳು, ಗಾಯಕ್ಕೆ ಕಟ್ಟುವ ಬಟ್ಟೆ ಹೊತ್ತ ಒಬ್ಬ ಕಾಂಪೌಂಡರ್.

"ಎಷ್ಟು ಜನ ಹೋದರು?" ಎಂದರು.

"ಯಾರೂ ಹೋಗಿಲ್ಲ ಸಾ, ಎಲ್ಲ ಇಲ್ಲೇ ಇದಾರೆ."

"ವಿಮಾನ ಎಲ್ಲಿ?"

"ಹುಂಡಿಯೊಳಗೆ."

ಅವರು ಹುಂಡಿಯನ್ನು ನೋಡಿದರು. ನನ್ನನ್ನು ನೋಡಿದರು. ಕಾಂಪೌಂಡರಿಗೆ, "ಮೊದಲು ಇವರನ್ನು ನೋಡಿ" ಎಂದರು.

ಅವನು ನನ್ನ ನಾಡಿ ಹಿಡಿದು ಕೂತಿದ್ದಾಗ ನಿಂಗಜ್ಜಿ ಮುಂದೆ ಬಂದು ನಡೆದದ್ದೆಲ್ಲ ಹೇಳಿದಳು. ಹೇಗೂ ಬಂದದ್ದಾಗಿದೆ ಎಂದು ಅಮಲ್ದಾರರು ಮೊಹರು ಒಡೆಸಿ ನಾಣ್ಯ ತೆಗೆಸಿದರು. ನಾನು ಎರಡೂ ಕೈ ಚಾಚಿದೆ. ಅವರು ನನ್ನನ್ನು ದಾಟಿ, ಜಗಲಿಯ ಕೆಳಗೆ ನಿಂತಿದ್ದ ಸಾವಿತ್ರಿಯನ್ನು ಕೇಳಿದರು: "ಇವರ ಕೈಗೆ ಕೊಡಬಹುದೇನಮ್ಮ?"

ಅವಳು ಬಾಯಿ ತೆರೆಯುವ ಮೊದಲೇ ಊರೆಲ್ಲ ಒಟ್ಟಿಗೆ "ಬ್ಯಾಡಿ ಸಾ" ಎಂದಿತು. ಅದರಲ್ಲಿ ನನ್ನ ಶಿಷ್ಯರ ದನಿಯೇ ಜೋರಾಗಿತ್ತು.